ಎಂಟೂವರೆ ಅಡಿ ಟಿವಿ ಕೇಬಲ್ಲು

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಜಿಲ್ಲೆಯ ಹವ್ಯಾಸಿ ರೇಡಿಯೋದವರು ಗಾಳಿಯಲ್ಲಿ ಸೇರುತ್ತೇವೆ. ಅದನ್ನು ನೆಟ್ ಎನ್ನುತ್ತೇವೆ. ಒಬ್ಬರು ನಡೆಸುತ್ತಾರೆ, ಉಳಿದವರನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ, ಕರೆಸಿಕೊಂಡವರು ಓ ಎನ್ನುತ್ತಾರೆ. ಮೈಕಿನ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಮಾತ್ರ ಬೇರೆಯವರದು ಕೇಳಿಸುತ್ತದೆ. ಮಧ್ಯೆ ಯಾವ ಕಂಪನಿಯ ಟವರೂ ಇಲ್ಲ. ನನ್ನ ಮಹಡಿಯ ಮೇಲಿನ ಆಂಟೆನಾದಿಂದ ಹೊರಟ ಮಾತು ನೇರ ಅವರ ಮಹಡಿಯ ಮೇಲಿನ ಆಂಟೆನಾಕ್ಕೆ ಹೋಗಿ ಬೀಳಬೇಕು. ಕರೆಯುವಾಗ ಸರ್ಕಾರ ಕೊಟ್ಟ ಸಂಕೇತ ಬಳಸುತ್ತೇವೆ, ಇಲ್ಲಿ ಊರಿನ ಹೆಸರಿನಲ್ಲೇ ಬರೆಯುತ್ತೇನೆ. ಚಾಮರಾಜನಗರ ಎಂದರೆ ನಮ್ಮ ಹಿರಿಯರು. ದೂರವಾಣಿ ಕಚೇರಿಯಿಂದ ನಿವೃತ್ತರಾದವರು, ಬೆಸುಗೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ನನಗೆ ಕಲಿಸಿದವರು. ಕುದೇರು ಎಂದರೆ ಅರಿಶಿನ ಬೆಳೆಯುವ ರೈತರೊಬ್ಬರು. ಹರವೆ ಎಂದರೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ. ಗುಂಡ್ಲುಪೇಟೆ ಎಂದರೆ ನಾನು. ಒಂದು ಕಾಲದಲ್ಲಿ ಊರಿಗೆಲ್ಲ ಕೇಬಲ್ ಟಿವಿ ಎಳೆದವನು, ಈಗ ಅಂಗಡಿಗಳಿಗೆ ಸಿಸಿ ಕ್ಯಾಮೆರಾ ಹಾಕುವವನು.

ಜನವರಿಯ ಒಂದು ಬೆಳಿಗ್ಗೆ ನೆಟ್ ಮುಗಿಯುವ ಹೊತ್ತಿಗೆ ಹಿರಿಯರು ಹೇಳಿದರು. "ನಂಗೆ ಕಿವಿ ಸರಿಯಾಗಿ ಕೇಳ್ತಿಲ್ಲ ಕಣ್ರಯ್ಯ. ಒಂದೇ ಮಾತ್ನ ಮೂರ್ ಸಲ ಕೇಳಿಸ್ಕಬೇಕು. ಯುಗಾದಿ ಕಳುದ್ಮೇಲೆ ನೆಟ್ಟು ಬ್ಯಾರೆಯವ್ರು ನಡೆಸ್ಲಿ."

ನನ್ನ ಎದೆ ಹಿಗ್ಗಿತು. ಹದಿನಾಲ್ಕು ವರ್ಷ ಅವರ ಬಲಗೈಯಾಗಿದ್ದವನು ನಾನು. ಅವರಿಗೆ ಜ್ವರ ಬಂದಾಗ ನೆಟ್ ನಡೆಸಿದವನು, ಗಾಳಿಗೆ ಅವರ ಕಂಬ ಬಿದ್ದಾಗ ಬಸ್ಸು ಹತ್ತಿ ಹೋಗಿ ನಿಲ್ಲಿಸಿಕೊಟ್ಟವನು. ಬೇರೆಯವರು ಎಂದರೆ ಇನ್ಯಾರು?

"ಗುಂಡ್ಲುಪ್ಯಾಟೆ, ಇಲ್ಲಾ ಹರವೆ," ಎಂದರು ಹಿರಿಯರು. "ಯುಗಾದಿ ಮಾರನೇ ಭಾನುವಾರ ಒಂದು ಪರೀಕ್ಷೆ ಮಾಡನ. ಯಾರು ಎಲ್ಲಾ ಕಡೆಗೂ ಚೆನ್ನಾಗಿ ಕೇಳ್ತಾರೋ ಅವ್ರು ತಗೊಳ್ಳಿ."

ಆ 'ಇಲ್ಲಾ ಹರವೆ' ನಾನು ನಿರೀಕ್ಷಿಸಿದ್ದಲ್ಲ. ಆಯಮ್ಮ ಲೈಸೆನ್ಸು ತೆಗೆದುಕೊಂಡು ಎರಡು ವರ್ಷ ತುಂಬಿರಲಿಲ್ಲ.

ಹೊಟ್ಟೆಕಿಚ್ಚು ಅವತ್ತೇ ಹುಟ್ಟಿದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೆ ಆಗಲೇ ಮೂರು ತಿಂಗಳು. ಮೇಡಂ ಮೋರ್ಸ್ ಸಂಕೇತ ಕಲಿತು ಹಿರಿಯರೊಡನೆ ಟಿಕ್ ಟಿಕ್ ಮಾತಾಡಲು ಶುರುಮಾಡಿದ್ದರು. ನನಗೆ ಅದು ಇವತ್ತಿಗೂ ಕೈಗೆ ಹತ್ತಿಲ್ಲ. ಒಂದು ದಿನ ಹಿರಿಯರು ಎಲ್ಲರಿಗೂ ಕೇಳುವಂತೆ, "ಹರವೆ ಸಿಗ್ನಲ್ಲು ಗಂಟೆ ಹೊಡ್ದಂಗದೆ," ಎಂದರು. ಹದಿನಾಲ್ಕು ವರ್ಷದಲ್ಲಿ ನನ್ನ ಸಿಗ್ನಲ್ಲಿಗೆ ಅವರು "ಸರ್ಯಾಗದೆ" ಎಂದದ್ದೇ ದೊಡ್ಡದು. ಆಮೇಲೆ ಮೇಡಂ ನನ್ನ ಕಡೆ ತಿರುಗಿ ಮಾಮೂಲಿನಂತೆ ರಿಪೋರ್ಟ್ ಕೇಳಿದರು.

ರಿಪೋರ್ಟ್ ಎಂದರೆ ಎರಡು ಅಂಕಿ. ಮೊದಲನೆಯದು ಮಾತು ಎಷ್ಟು ಸ್ಪಷ್ಟ ಎಂಬುದಕ್ಕೆ, ಐದರವರೆಗೆ. ಎರಡನೆಯದು ಸಿಗ್ನಲ್ಲು ಎಷ್ಟು ಬಲ ಎಂಬುದಕ್ಕೆ, ಒಂಬತ್ತರವರೆಗೆ. ಎರಡನೆಯದನ್ನು ರೇಡಿಯೋದ ಮೀಟರು ನೋಡಿ ಹೇಳಬೇಕು, ಅದರಲ್ಲಿ ಒಂಬತ್ತರಾಚೆ ಕೆಂಪು ಗೆರೆ. ಮೀಟರನ್ನು ಅವರವರೇ ನೋಡುವುದು, ಪಕ್ಕದಲ್ಲಿ ನಿಂತು ಯಾರೂ ಇಣುಕುವುದಿಲ್ಲ. ನನ್ನ ಮೀಟರು ಒಂಬತ್ತು ತೋರಿಸುತ್ತಿತ್ತು. "ಫೈವ್ ಫೈವ್," ಎಂದೆ. ಬಲ ಐದು.

"ಐದಾ ಸಾರ್?" ಎಂದರು ಮೇಡಂ.

"ಐದು ಕಣಮ್ಮ. ಸ್ವಲ್ಪ ಗೊರಗೊರನೂ ಅದೆ."

ಆ ಮಾತು ಹೇಳಿ ರೇಡಿಯೋ ಆರಿಸಿದಾಗ ಎಷ್ಟು ಸಮಾಧಾನವಾಯಿತೆಂದರೆ ಎರಡು ದೋಸೆ ಜಾಸ್ತಿ ತಿಂದೆ. ಮಾರನೆಯ ದಿನವೂ ಐದು ಕೊಟ್ಟೆ. ಆಮೇಲೆ ಬದಲಾಯಿಸಲು ಆಗಲಿಲ್ಲ, ನಿನ್ನೆಯವರೆಗೆ ಐದಿದ್ದದ್ದು ಇವತ್ತು ಹೇಗೆ ಒಂಬತ್ತಾಗುತ್ತದೆ? ಒಂದೆರಡು ಸಲ ಆರು ಕೊಟ್ಟಿರಬಹುದು, ಹಬ್ಬದ ದಿನ.

ಪರೀಕ್ಷೆ ಎಂದ ಮೇಲೆ ನಾನು ಸುಮ್ಮನಿರುವ ಆಸಾಮಿಯಲ್ಲ. ನನ್ನದು ಒಂಟಿ ಯಾಗಿ ಆಂಟೆನಾ, ಹಳೆಯ ಟಿವಿ ಆಂಟೆನಾದ ಹಾಗೆ ಒಂದೇ ದಿಕ್ಕಿಗೆ ಬಲ ಕೊಡುವಂಥದ್ದು, ಚಾಮರಾಜನಗರದ ಕಡೆ ಮುಖ ಮಾಡಿ ನಿಲ್ಲಿಸಿದ್ದು. ಅಲ್ಲಿಗೆ ಒಂಬತ್ತು, ಕುದೇರಿಗೆ ಎಂಟು ಹೋಗುತ್ತಿತ್ತು. ಅಷ್ಟರಲ್ಲೇ ತೃಪ್ತಿಪಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಂಥದ್ದೇ ಇನ್ನೊಂದನ್ನು ಮಾಡಿ, ಎರಡನ್ನೂ ಏಳಡಿ ಅಂತರದಲ್ಲಿ ಅಕ್ಕಪಕ್ಕ ಕಟ್ಟಿ, ಒಂದೇ ರೇಡಿಯೋದಿಂದ ನಡೆಸಿದರೆ ಎದುರಿನ ದಿಕ್ಕಿಗೆ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಜಿಲ್ಲೆಯಲ್ಲಿ ಯಾರೂ ಮಾಡಿರಲಿಲ್ಲ. ಮೇಡಂ ಅವರ ಬಳಿ ಇದ್ದದ್ದು ಒಂದು ಸಾದಾ ಕಡ್ಡಿ ಆಂಟೆನಾ.

ಕೆಲಸ ಸುಲಭವಲ್ಲ. ನಮ್ಮ ರೇಡಿಯೋ, ಕೇಬಲ್ಲು, ಆಂಟೆನಾ ಎಲ್ಲವೂ ಐವತ್ತು ಓಮಿನ ಇಂಪಿಡೆನ್ಸಿಗೆ, ಎಂದರೆ ಅಲೆಗೆ ಎದುರಾಗುವ ತಡೆಗೆ, ಹೊಂದಿಸಿದಂಥವು. ಎರಡು ಆಂಟೆನಾವನ್ನು ಒಟ್ಟಿಗೆ ಸೇರಿಸಿದರೆ ಐವತ್ತು ಇಪ್ಪತ್ತೈದಾಗುತ್ತದೆ. ಇಂಪಿಡೆನ್ಸು ಬದಲಾದ ಜಾಗದಲ್ಲಿ ಅಲೆಯ ಒಂದು ಪಾಲು ಮುಂದೆ ಹೋಗದೆ ವಾಪಸು ಬರುತ್ತದೆ. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಗಂಟು ಹಾಕಿ ಒಂದು ತುದಿಯನ್ನು ಜಾಡಿಸಿದರೆ, ಗಂಟಿನ ಹತ್ತಿರ ಸ್ವಲ್ಪ ಕೈಗೇ ಹಿಂದಿರುಗಿದ ಹಾಗೆ. ಅದನ್ನು ತಪ್ಪಿಸಲು ಎರಡು ಕೇಬಲ್ ಸೇರುವ ಕಡೆ ಕಾಲು ಅಲೆಯುದ್ದದ ಎಪ್ಪತ್ತೈದು ಓಮಿನ ತುಂಡು ಒಂದೊಂದು ಹಾಕಬೇಕು. ಆಗ ಪ್ರತಿ ಕವಲಿನ ಐವತ್ತು ಓಮು ನೂರಹನ್ನೆರಡಾಗಿ ಕಾಣುತ್ತದೆ, ಎರಡು ಸೇರಿದಾಗ ಐವತ್ತಾರು. ರೇಡಿಯೋಗೆ ಅಷ್ಟು ಸಾಕು. ಎಪ್ಪತ್ತೈದು ಓಮು ಎಂದರೆ ನಮ್ಮ ಟಿವಿ ಕೇಬಲ್ಲೇ, ಮನೆಯ ಅಟ್ಟದಲ್ಲಿ ಸುರುಳಿ ಸುರುಳಿ ಬಿದ್ದಿದೆ. ಹಿರಿಯರ ನೋಟುಪುಸ್ತಕದಲ್ಲಿ ಆ ತುಂಡಿಗೆ ಹದಿನೇಳು ಇಂಚು ಎಂದು ಬರೆದಿತ್ತು, ಹಾಗೇ ಕತ್ತರಿಸಿದೆ.

ಇನ್ನೊಂದು ನಿಯಮವಿದೆ. ಆ ಜೋಡಣೆಯಿಂದ ಎರಡು ಆಂಟೆನಾಕ್ಕೂ ಹೋಗುವ ಕೇಬಲ್ಲುಗಳು ಸಮ ಇರಬೇಕು. ಎರಡೂ ಕಡೆ ಅಲೆ ಒಂದೇ ಗಳಿಗೆಯಲ್ಲಿ ಏರಿ ಒಂದೇ ಗಳಿಗೆಯಲ್ಲಿ ಇಳಿದರೆ ಎರಡೂ ಕೂಡಿಕೊಂಡು ಬಲವಾಗುತ್ತವೆ. ಒಂದು ಏರುವಾಗ ಇನ್ನೊಂದು ಇಳಿದರೆ ಒಂದನ್ನೊಂದು ತಿಂದುಹಾಕುತ್ತವೆ. ಇದಕ್ಕೆ ಫೇಸ್ ಎನ್ನುತ್ತಾರೆ. ನನಗೆ ಗೊತ್ತಿಲ್ಲದ ವಿಷಯವಲ್ಲ, ನೆಟ್ಟಿನಲ್ಲಿ ಬೇರೆಯವರಿಗೆ ಪಾಠ ಹೇಳಿದ್ದೇನೆ.

ಮಾರ್ಚಿ ತಿಂಗಳ ಮೊದಲ ವಾರ ಎಲ್ಲ ಸಿದ್ಧವಾಯಿತು. ಮೇಲೇರಿಸುವ ಹಿಂದಿನ ದಿನ ನೋಡುತ್ತೇನೆ, ಮಹಡಿಯಲ್ಲಿ ಬಿಟ್ಟಿದ್ದ ಎಡಗಡೆಯ ಕೇಬಲ್ಲನ್ನು ಅಳಿಲು ಕಡಿದಿದೆ. ಒಂದು ಕಡೆಯಲ್ಲ, ಏಳೆಂಟು ಅಡಿ ಉದ್ದಕ್ಕೂ ಅಲ್ಲಲ್ಲಿ ತಾಮ್ರದ ಹೆಣಿಗೆ ಕಾಣುವ ಹಾಗೆ. ಆ ಜಾತಿಯ ಐವತ್ತು ಓಮಿನ ಕೇಬಲ್ಲು ಗುಂಡ್ಲುಪೇಟೆಯಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು, ವಾರ ಹಿಡಿಯುತ್ತದೆ. ಅಷ್ಟು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ಅವತ್ತು ಬೆಳಿಗ್ಗೆಯೇ ಹಿರಿಯರು ಮೇಡಂ ಜೊತೆ ಅವರ ಶಾಲೆಯ ಮಕ್ಕಳಿಗೆ ರೇಡಿಯೋ ತೋರಿಸುವ ವಿಷಯ ಹತ್ತು ನಿಮಿಷ ಮಾತಾಡಿದ್ದರು. ನನ್ನನ್ನು ಕರೆದದ್ದು ಕೊನೆಗೆ.

ಕೇಬಲ್ ಟಿವಿಯವನ ಕೈಗೆ ಒಂದು ರೂಢಿ ಇರುತ್ತದೆ. ಲೈನು ಎಲ್ಲಿ ಕೆಟ್ಟಿದೆಯೋ ಅಲ್ಲಿ ಕತ್ತರಿಸು, ಹೊಸ ತುಂಡು ಕೂರಿಸು, ಎರಡು ಕಡೆ ಜಾಯಿಂಟರ್ ಹಾಕು, ಮುಂದಿನ ಮನೆಗೆ ಹೋಗು. ಊರಿನ ಅರ್ಧ ಲೈನು ಹಾಗೇ ನಿಂತಿತ್ತು, ಒಬ್ಬರ ಧಾರಾವಾಹಿಯೂ ನಿಂತಿರಲಿಲ್ಲ. ಅಟ್ಟ ಹತ್ತಿ ಒಂಬತ್ತು ಅಡಿ ಟಿವಿ ಕೇಬಲ್ ತಂದು ಕೂರಿಸಿದೆ. ಐವತ್ತು ಓಮಿನ ದಾರಿಯಲ್ಲಿ ಎಪ್ಪತ್ತೈದು ಓಮಿನ ತುಂಡು. ವಾಪಸು ಬರುವ ಅಲೆಯನ್ನು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರಿನ ಸೂಜಿ ಸಹಜವಾಗಿಯೇ ಎದ್ದು ಕೂತಿತು. ಇದು ಗೊತ್ತಿದ್ದದ್ದೇ. ತುಂಡನ್ನು ಒಂದೊಂದು ಇಂಚು ಕತ್ತರಿಸುತ್ತ, ಮತ್ತೆ ಜಾಯಿಂಟ್ ಹಾಕುತ್ತ, ಸೂಜಿ ನೋಡುತ್ತ ಹೋದೆ. ಎಂಟೂವರೆ ಅಡಿಗೆ ಬಂದಾಗ ಸೂಜಿ ಮಲಗಿತು. ಆಮೇಲೆ ಟೇಪು ಹಿಡಿದು ಎರಡು ಕವಲನ್ನೂ ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವ ಹಾಗಿತ್ತು.

ಮಾರನೆಯ ಬೆಳಿಗ್ಗೆ ಏಳಕ್ಕೆ ಗಂಟಲು ಸರಿಮಾಡಿಕೊಂಡು ಉತ್ತರ ಕೊಟ್ಟೆ. ಹಿರಿಯರು ಎರಡು ಸಲ ಕೇಳಿದರು, ಯಾರದು, ಯಾರದು ಎಂದು.

"ಗುಂಡ್ಲುಪೇಟೆ ಸಾರ್."

"ಏನಯ್ಯಾ ಆಯ್ತು ನಿಂಗೆ? ಒಂಬತ್ತಿದ್ದೋನು ಆರಕ್ಕೆ ಬಂದಿದ್ದೀಯಲ್ಲ."

ಕುದೇರಿನವರು ಇನ್ನೂ ಬಿಡಿಸಿ ಹೇಳಿದರು. "ಸಾರ್, ನಿಮ್ದು ಐದಕ್ಕೆ ಬಂದ್ಬುಟ್ಟದೆ. ಬಾವಿ ಒಳಗಿಂದ ಮಾತಾಡ್ದಂಗಾಯ್ತದೆ."

ಮೇಡಂ ಮಾತ್ರ ಬೇರೆ ಹೇಳಿದರು. "ನನಗೆ ಫೈವ್ ನೈನ್ ಸಾರ್. ನೈನ್‌ಗಿಂತಲೂ ಮೇಲೆ, ಕೆಂಪು ಗೆರೆವರೆಗೆ ಹೋಗ್ತಿದೆ. ಮೊದಲಿಗಿಂತ ಜಾಸ್ತಿನೇ ಇದೆ. ಆಂಟೆನಾ ಏನಾದ್ರೂ ನಮ್ಮ ಕಡೆಗೆ ತಿರುಗಿಸಿದ್ರಾ?"

ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ. ಇಲ್ಲವಾದರೆ ಹೊಸಬರು ಎಲ್ಲರಿಗೂ ಹಂಚುವ ಪುಕ್ಕಟೆ ಒಂಬತ್ತು. ಹರವೆ ಚಾಮರಾಜನಗರದ ನೇರಕ್ಕಿಲ್ಲ, ನನ್ನ ಮಹಡಿಯಿಂದ ನೋಡಿದರೆ ಎಡಕ್ಕೆ ಸರಿದಿದೆ. ಎದುರಿನವರಿಗೆ ಕೇಳದ್ದು ಪಕ್ಕದವರಿಗೆ ಜಾಸ್ತಿ ಕೇಳುವುದುಂಟೇ? ಆ ರಿಪೋರ್ಟಿಗೆ ನಾನು ಸೊಪ್ಪು ಹಾಕಲಿಲ್ಲ. ಇವತ್ತು ಯೋಚಿಸಿದರೆ ಕಾರಣ ಸ್ಪಷ್ಟ. ನಾನು ದಿನಾ ಸುಳ್ಳು ಅಂಕಿ ಕೊಡುತ್ತಿದ್ದೆ, ಹಾಗಾಗಿ ಬೇರೆಯವರೂ ಕೊಡುತ್ತಾರೆ ಎಂದು ನಂಬಿದ್ದೆ.

ಮುಂದಿನ ಹತ್ತು ದಿನ ಮಹಡಿಯ ಮೇಲೇ ಕಳೆದೆ. ಕನೆಕ್ಟರುಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸೆದೆ. ಜೋಡಣೆಯ ಡಬ್ಬಿಯೊಳಗೆ ನೀರು ಹೋಗಿದೆಯೇ ನೋಡಿದೆ, ಒಣಗಿತ್ತು. ಕಂಬವನ್ನು ನಾಲ್ಕು ಅಡಿ ಎತ್ತರಿಸಿದೆ, ಪ್ರಯೋಜನವಾಗಲಿಲ್ಲ. ರೇಡಿಯೋ ಬದಲಾಯಿಸಿದೆ. ಸೂಜಿ ಮಾತ್ರ ಪ್ರತಿ ಸಲವೂ ತಣ್ಣಗೆ ಮಲಗಿಯೇ ಇರುತ್ತಿತ್ತು, ಏನೂ ತೊಂದರೆಯಿಲ್ಲ ಎನ್ನುವ ಹಾಗೆ. ಹೆಂಡತಿ ಒಂದು ದಿನ ಕಾಫಿಯನ್ನು ಮೇಲಕ್ಕೇ ತಂದುಕೊಟ್ಟು, "ಹಾಸ್ಗೆನೂ ಇಲ್ಲಿಗೇ ತಂದಾಕ್ಲಾ?" ಎಂದಳು. ನಾನು ಮುಖ ಗಂಟಿಕ್ಕಿಕೊಂಡೇ ಕಾಫಿ ಕುಡಿದೆ. ಅವಳಿಗೇನು ಗೊತ್ತು, ಕೆಳಗೆ ಇಳಿದರೆ ಏಳು ಗಂಟೆಯ ನೆಟ್ಟಿನಲ್ಲಿ ಯಾರ ಹೆಸರು ಮೊದಲು ಕರೆಯುತ್ತಾರೆ ಎಂಬುದೇ ತಲೆಯಲ್ಲಿ ತಿರುಗುತ್ತಿತ್ತು.

ಹನ್ನೊಂದನೆಯ ದಿನ ಬೇಸತ್ತು ಎಡಗಡೆಯ ಆಂಟೆನಾವನ್ನು ಪೂರ್ತಿ ಕಳಚಿ, ಬಲಗಡೆಯದನ್ನು ಒಂದನ್ನೇ ನೇರವಾಗಿ ರೇಡಿಯೋಗೆ ಸಿಕ್ಕಿಸಿದೆ. ಹಿರಿಯರು ಒಂಬತ್ತು ಎಂದರು. ಬಲಗಡೆಯದನ್ನು ತೆಗೆದು ಎಡಗಡೆಯದನ್ನು ಹಾಕಿದೆ. ಅದಕ್ಕೂ ಒಂಬತ್ತು. ಎರಡನ್ನೂ ಸೇರಿಸಿದೆ. ಆರು. ಒಂದೊಂದೂ ಸರಿಯಿರುವ ಎರಡು ಆಂಟೆನಾ ಸೇರಿದರೆ ಒಂದಕ್ಕಿಂತ ಕಡೆಯಾಗುತ್ತವೆ ಎಂದರೆ ಒಂದನ್ನೊಂದು ತಿನ್ನುತ್ತಿವೆ ಎಂದು ಅರ್ಥ. ಆಗ ಮಾತ್ರ ಫೇಸಿನ ನೆನಪಾಯಿತು. ಆದರೆ ಟೇಪಿನಲ್ಲಿ ಎರಡೂ ಸಮ, ನಾನೇ ಅಳೆದದ್ದು. ಎಸ್‌ಡಬ್ಲ್ಯುಆರ್ ಮೀಟರು ಎಷ್ಟು ಅಲೆ ವಾಪಸು ಬಂತು ಎಂದು ಹೇಳುತ್ತದೆ, ಮುಂದೆ ಹೋದದ್ದು ಯಾವ ಗಳಿಗೆಯಲ್ಲಿ ತಲುಪಿತು ಎಂದು ಹೇಳುವುದಿಲ್ಲ. ಅದನ್ನು ಹೇಳುವ ಅಂಗೈಯಗಲದ ಅನಲೈಸರ್ ಯಂತ್ರವೊಂದಿದೆ. ಜಿಲ್ಲೆಯಲ್ಲಿ ಅದು ಇದ್ದದ್ದು ಒಬ್ಬರ ಹತ್ತಿರ.

ಎರಡು ದಿನ ನಾನು ಫೋನು ಮಾಡಲಿಲ್ಲ. ಮೂರನೆಯ ದಿನ ಎರಡೂ ಕೇಬಲ್ಲುಗಳನ್ನು ಸುತ್ತಿ ಗೋಣಿಚೀಲಕ್ಕೆ ತುಂಬಿ, ಬೈಕಿನ ಹಿಂದೆ ಕಟ್ಟಿಕೊಂಡು ಹರವೆಗೆ ಹೊರಟೆ. ದಾರಿಯುದ್ದಕ್ಕೂ ಹೇಗೆ ಕೇಳಿದರೆ ಕೇಳಿದಂತಾಗುವುದಿಲ್ಲ ಎಂದು ಮಾತು ಜೋಡಿಸುತ್ತಿದ್ದೆ.

ಜಗಲಿಯ ಮೇಲೆ ಮೇಡಂ ಅವರ ತಾಯಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಎರಡು ಮಾತಾಡುವಷ್ಟರಲ್ಲಿ ಗುರುತು ಹಿಡಿದರು. "ಗುಂಡ್ಲುಪ್ಯಾಟೆಯೋರಲ್ವಾ? ದಿನಾ ಕೇಳ್ತೀನಲ್ಲ ನಿಮ್ ದನಿಯ. ಬನ್ನಿ ಕುಂತ್ಕಳಿ. ನಿಮ್ದೇ ಮಾತು ನೋಡಿ ಈ ಮನೇಲಿ. ನೀವು ಐದು ಅಂದ್ಬುಟ್ರೆ ಆವತ್ತು ಇವ್ಳು ತಿಂಡಿನೂ ತಿನ್ನದಿಲ್ಲ. ಮಾಳಿಗೆ ಮ್ಯಾಲತ್ತಿ ಅದೇನೋ ಬಿಚ್ತಾಳೆ, ಕಟ್ತಾಳೆ. ಮೂರ್ ಸಲ ಎಲ್ಲಾನೂ ಕಿತ್ತಾಕಿ ಹೊಸದಾಗಿ ಮಾಡವ್ಳೆ."

"ಅಮ್ಮ, ಸಾಕು," ಎಂದು ಒಳಗಿನಿಂದ ಮೇಡಂ ಬಂದರು. ಕೈಯಲ್ಲಿ ಆ ಯಂತ್ರವಿತ್ತು.

ಗೋಡೆಯ ಪಕ್ಕ ಕೇಬಲ್ ತುಂಡುಗಳ ಒಂದು ರಾಶಿ. ಪ್ರತಿಯೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ ತೆಗೆದ ದಿನ ಬರೆದಿದ್ದರು. ನಾನು ನೋಡುತ್ತಿದ್ದದ್ದನ್ನು ನೋಡಿ ಅವರೇ ಹೇಳಿದರು. "ನಾನು ನಿಮ್ಮನ್ನ ಒಂಬತ್ತು ಕೇಳ್ತೀನಿ, ನೀವು ನನ್ನ ಐದು ಕೇಳ್ತೀರಿ. ಹೋಗೋ ದಾರಿ, ಬರೋ ದಾರಿ ಒಂದೇ ಅಲ್ವಾ ಸಾರ್, ರೇಡಿಯೋಗಳೂ ಒಂದೇ ಥರದ್ದು. ಹಂಗಾದ್ರೆ ನನ್ ಪವರ್ರು ಎಲ್ಲೋ ಸೋರಿಹೋಗ್ತಿದೆ ಅಂತ ತಾನೇ. ಅದನ್ನ ಹುಡುಕಕ್ಕೇ ಈ ಅನಲೈಸರ್ ತರಿಸಿದ್ದು."

ನಾನು ಗೋಣಿಚೀಲ ಬಿಚ್ಚಿದೆ.

ಮೇಡಂ ಜಗಲಿಯ ಮೇಲೆ ಚಾಪೆ ಹಾಸಿ ನನ್ನ ಬಲಗಡೆಯ ಕೇಬಲ್ಲಿನ ಎರಡೂ ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿದರು. ಒಂದು ತೂತಿನಿಂದ ನಾವು ಮಾತಾಡುವ ತರಂಗವನ್ನೇ ಕಳಿಸಿ, ಇನ್ನೊಂದು ತೂತಿನಲ್ಲಿ ಹಿಡಿದು, ದಾರಿಯಲ್ಲಿ ಅಲೆ ಎಷ್ಟು ತಿರುಗಿದೆ ಎಂದು ಡಿಗ್ರಿಯಲ್ಲಿ ತೋರಿಸುತ್ತದೆ ಅದು. ಅಂಕಿಯನ್ನು ಬರೆದುಕೊಂಡರು. ಎಡಗಡೆಯದನ್ನು ಸಿಕ್ಕಿಸಿದರು. ಕಳೆದು ನೋಡಿದರೆ ವ್ಯತ್ಯಾಸ ನೂರನಲವತ್ತು ಡಿಗ್ರಿ. ನೂರೆಂಬತ್ತಾದರೆ ಪೂರ್ತಿ ಉಲ್ಟಾ, ನಾನು ಅದರ ಹತ್ತಿರವೇ ಇದ್ದೆ.

"ಟೇಪಲ್ಲಿ ಎರಡೂ ಸಮ ಇದೆ," ಎಂದೆ.

"ಇದೇನ್ ಸಾರ್ ಮಧ್ಯೆ, ಜಾಯಿಂಟಾ?" ಮೇಡಂ ಕಪ್ಪು ಟೇಪು ಬಿಡಿಸಿ ಒಳಗಿನ ಬಿಳಿ ನೊರೆಯಂಥ ಫೋಮನ್ನು ಉಗುರಿನಿಂದ ಒತ್ತಿದರು. ನನ್ನ ತಲೆಗೆ ಹೊಳೆಯಿತು. ಹೊಳೆದದ್ದನ್ನು ಹೇಳಲು ಬಾಯಿ ತೆಗೆಯುವ ಮೊದಲೇ ಅವರು ಹೇಳಿಬಿಟ್ಟರು. "ಫೋಮಲ್ಲಿ ಅಲೆ ಬೇಗ ಓಡುತ್ತೆ ಅಲ್ವಾ ಸಾರ್. ನಿಮ್ಮ ಐವತ್ತು ಓಮಿಂದು ಗಟ್ಟಿ ಪ್ಲಾಸ್ಟಿಕ್ಕು, ಅದರಲ್ಲಿ ನಿಧಾನ. ಅಡಿ ಲೆಕ್ಕದಲ್ಲಿ ಸಮ ಇದ್ರೂ ಅಲೆಗೆ ಸಮ ಇಲ್ಲ."

ಅದೇ. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು, ಫೋಮಿನಲ್ಲಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು. ಎಂಟೂವರೆ ಅಡಿಯಲ್ಲಿ ಅದು ನೂರನಲವತ್ತು ಡಿಗ್ರಿಯಾಗಿತ್ತು. ಮೀಟರು ಯಾಕೆ ಸುಮ್ಮನಿತ್ತು ಎಂಬುದೂ ಅಲ್ಲೇ ಕೂತಾಗ ತಿಳಿಯಿತು. ನಾನು ಸೂಜಿ ನೋಡಿ ನೋಡಿ ಕತ್ತರಿಸಿದ ಉದ್ದ ಸರಿಯಾಗಿ ಮೂರು ಅರ್ಧ ಅಲೆ. ಅಷ್ಟು ಉದ್ದವಿದ್ದರೆ ತುಂಡಿನ ಮೊದಲ ಗಂಟಿನಿಂದ ವಾಪಸು ಬರುವ ಅಲೆಯೂ ಕೊನೆಯ ಗಂಟಿನಿಂದ ವಾಪಸು ಬರುವ ಅಲೆಯೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ತಪ್ಪು ಹಾಗೇ ಇರುತ್ತದೆ, ಮೀಟರಿಗೆ ಕಾಣುವುದಿಲ್ಲ. ಎದುರಿಗೆ ಹೋಗಬೇಕಾದ ಬಲ ಸೀಳಿ ಎರಡು ಪಕ್ಕಕ್ಕೆ ಹೋಗುತ್ತಿತ್ತು, ಎಡಕ್ಕೆ ಸೀಳಿದ್ದು ಹರವೆಯ ಮೇಲೆ ಬೀಳುತ್ತಿತ್ತು. ಇದನ್ನು ಈಯಮ್ಮ ಮೊದಲ ದಿನವೇ ಹೇಳಿದ್ದರು, ಆಂಟೆನಾ ನಮ್ಮ ಕಡೆ ತಿರುಗಿದೆಯಾ ಎಂದು.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಉಪಕಾರದ ಭಾವನೆ ಬರಲಿಲ್ಲ. ಲೈಸೆನ್ಸು ಸಿಕ್ಕಿ ಎರಡು ವರ್ಷವಾಗದ ಹುಡುಗಿ, ಇಪ್ಪತ್ತು ವರ್ಷ ಕೇಬಲ್ ಎಳೆದ ನನ್ನ ಕೈಯ ತಪ್ಪನ್ನು ಉಗುರಿನಿಂದ ಒತ್ತಿ ತೋರಿಸಿದಳಲ್ಲ ಎಂದುಕೊಂಡೆ.

"ಬೆಂಗಳೂರಿಂದ ತರಿಸೋದ್ಯಾಕೆ ಸಾರ್, ಇದನ್ನ ಹಾಕ್ಕೊಳಿ," ಎಂದು ಮೇಡಂ ರಾಶಿಯಿಂದ ಹತ್ತು ಅಡಿಯ ತುಂಡೊಂದನ್ನು ಎಳೆದು ಕೊಟ್ಟರು. ನನ್ನ ಕೇಬಲ್ಲಿನ ಜಾತಿಯದೇ. "ಕೆಟ್ಟಿದೆ ಅಂತ ತೆಗೆದಿದ್ದೆ. ಯಂತ್ರದಲ್ಲಿ ನೋಡಿದ್ರೆ ಸರಿ ಇದೆ ಅಂತಾನೇ ತೋರಿಸುತ್ತೆ. ಆದ್ರೆ ಯಂತ್ರ ಏನ್ ಸಾರ್, ನಿಮ್ಮ ಕಿವಿ ಅನುಭವದ್ದು, ನೀವು ಐದು ಅಂದ್ರೆ ಏನೋ ಇ‌ರ್ಲೇಬೇಕು. ಒಂದ್ಸಲ ನೋಡಿ ಹಾಕ್ಕೊಳಿ."

ಆಗ ಹೇಳಬೇಕಿತ್ತು. ಹೇಳಲಿಲ್ಲ. ತುಂಡನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ, ಅವರ ತಾಯಿ ಕೊಟ್ಟ ಮಜ್ಜಿಗೆಯನ್ನೂ ಕುಡಿದೆ. ಹೊರಡುವಾಗ ತಾಯಿ, "ನೀವ್ ಒಂದ್ ದಪ ಒಂಬತ್ತು ಅಂದ್ಬುಡಿ ಸ್ವಾಮಿ, ಇವ್ಳು ಮ್ಯಾಲತ್ತದ ನಿಲ್ಸಲಿ," ಎಂದು ನಕ್ಕರು.

ಎರಡು ಕವಲಿಗೂ ಒಂದೇ ಜಾತಿಯ ಕೇಬಲ್ಲು ಬಂದ ಮೇಲೆ ಆಂಟೆನಾ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಎದ್ದಿತು. ಹಿರಿಯರಿಗೆ ಒಂಬತ್ತು ದಾಟಿ ಕೆಂಪು ಗೆರೆ. ಕುದೇರಿಗೆ ಐದಿದ್ದದ್ದು ಒಂಬತ್ತು. ಹರವೆಗೆ ಕೆಂಪಿನಿಂದ ಇಳಿದು ಒಂಬತ್ತಕ್ಕೆ ನಿಂತಿತು, ಹರವೆಯಿಂದ ನನಗೂ ಅಷ್ಟೇ. ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಆ ನಾಲ್ಕು ದಿನವೂ ಮೇಡಂ ಕೇಳಿದಾಗ ನಾನು ಐದು ಎಂದೆ. ನಾಲ್ಕನೆಯ ದಿನ ಅವರು, "ಸರಿ ಸಾರ್, ಸಾಯಂಕಾಲ ಇನ್ನೊಂದ್ಸಲ ಮೇಲೆ ಹತ್ತಿ ನೋಡ್ತೀನಿ," ಎಂದರು.

ಭಾನುವಾರ ಎಲ್ಲರೂ ಹತ್ತು ನಿಮಿಷ ಮೊದಲೇ ಬಂದಿದ್ದರು. ಹಿರಿಯರು ಪದ್ಧತಿ ಹೇಳಿದರು. ಗುಂಡ್ಲುಪೇಟೆ ಮೊದಲು ಮಾತಾಡುವುದು, ಉಳಿದ ಮೂವರು ರಿಪೋರ್ಟ್ ಕೊಡುವುದು. ಆಮೇಲೆ ಹರವೆ. ನಾನು ಮಾತಾಡಿದೆ. ಚಾಮರಾಜನಗರ ಒಂಬತ್ತು, ಕುದೇರು ಒಂಬತ್ತು, ಹರವೆ ಒಂಬತ್ತು. ಮೇಡಂ ತಮ್ಮ ಒಂಬತ್ತನ್ನು ಒಂದಿಷ್ಟೂ ತಡಮಾಡದೆ ಕೊಟ್ಟರು. ಆಮೇಲೆ ಅವರು ಮಾತಾಡಿದರು. ಚಾಮರಾಜನಗರ ಒಂಬತ್ತು. ಕುದೇರು ಒಂಬತ್ತು.

"ಗುಂಡ್ಲುಪ್ಯಾಟೆ, ನೀನು ಹೇಳಪ್ಪ," ಎಂದರು ಹಿರಿಯರು.

ಐದು ಎಂದರೆ ನೆಟ್ ನನ್ನದು. ಆರು ತಿಂಗಳಿಂದ ಹೇಳುತ್ತಿರುವ ಐದು, ಯಾರಿಗೂ ಅನುಮಾನ ಬರುವುದಿಲ್ಲ. ಒಂಬತ್ತು ಎಂದರೆ ಇಬ್ಬರೂ ಸಮ, ಸಮವಾದರೆ ಹಳಬನೆಂದು ಹಿರಿಯರು ನನಗೇ ಕೊಟ್ಟಾರು. ಆದರೆ ನಿನ್ನೆಯವರೆಗಿನ ಐದು ಇವತ್ತು ಒಂಬತ್ತಾದರೆ, ನಿನ್ನೆ ಸಂಜೆ ತಾವೇ ಮೇಲೆ ಹತ್ತಿ ಏನೋ ಸರಿಮಾಡಿದ್ದರಿಂದ ಎಂದು ಮೇಡಂ ನಂಬುತ್ತಾರೆ. ಏನು ಸರಿಹೋಯಿತು ಎಂದು ತಿಳಿಯದೆ ಇನ್ನಾರು ತಿಂಗಳು ಆ ರಾಶಿಯನ್ನು ಕೆದಕುತ್ತಾರೆ. ಇದೆಲ್ಲ ಆಗ ಇಷ್ಟು ಬಿಡಿಸಿಕೊಂಡು ಯೋಚಿಸಿದೆ ಎಂದಲ್ಲ. ಮೈಕು ಕೈಯಲ್ಲಿತ್ತು. ಆಯಮ್ಮನ ಮೇಲಿನ ಕಿಚ್ಚು ಒಂದು ಚೂರೂ ಆರಿರಲಿಲ್ಲ.

"ಫೈವ್ ನೈನ್ ಸಾರ್," ಎಂದೆ. "ಇವತ್ತು ಮಾತ್ರ ಅಲ್ಲ. ಆರ್ ತಿಂಗಳಿಂದ್ಲೂ ಒಂಬತ್ತೇ ಇತ್ತು. ಮೀಟ್ರು ಒಂಬತ್ತು ತೋರುಸ್ತಿತ್ತು, ನಾನೇ ಐದು ಅಂತಿದ್ದೆ. ಅವ್ರನ್ನ ನೀವು ಹೊಗಳಿದ್ದು ನಂಗೆ ತಡ್ಕಳಕ್ಕಾಗ್ಲಿಲ್ಲ."

ಗುಂಡಿ ಬಿಟ್ಟೆ. 

ಹಿರಿಯರು ನನ್ನನ್ನು ಬೈಯಲಿಲ್ಲ. ಮಾತು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಒಂದು ಕ್ಷಣ ಆಸೆಪಟ್ಟೆ. "ನಾಳೆಯಿಂದ ಹರವೆ ನಡೆಸ್ಲಿ," ಎಂದರು, ಅಷ್ಟೇ.

ಮೇಡಂ ನೆಟ್ಟಿನ ವಿಷಯ ಏನೂ ಮಾತಾಡಲಿಲ್ಲ. ನನ್ನ ಸಂಕೇತ ಕರೆದರು. ಧ್ವನಿ ಸ್ವಲ್ಪ ಸಣ್ಣಗಿತ್ತು.

"ಹಂಗಾದ್ರೆ ಸಾರ್, ನನ್ ಕೇಬಲ್ಲಲ್ಲಿ ಮೊದ್ಲಿಂದ್ಲೂ ಏನೂ ತಪ್ಪಿರ್ಲಿಲ್ವಾ?"

ಗುಂಡಿ ಒತ್ತಿದೆ. "ಏನೂ ಇರ್ಲಿಲ್ಲ ಕಣಮ್ಮ," ಎಂದೆ. ಗುಂಡಿ ಬಿಟ್ಟರೆ ಅವರು ಹೇಳುವುದನ್ನು ಕೇಳಿಸಿಕೊಳ್ಳಬೇಕು. ಸ್ವಲ್ಪ ಹೊತ್ತು ಒತ್ತಿಕೊಂಡೇ ಇದ್ದೆ.